ಪಾಸ್ತಾದ ಕಟ್ಟು ಚೆಲ್ಲಬೇಡಿ

ನನ್ನ ಊರು ಇಂಡಿ ಹತ್ತಿರ, ಕೆಲಸ ಬೆಳಗಾವಿಯಲ್ಲಿ. ಟಿಳಕವಾಡಿಯ ಒಂದು ಮನೆಯ ಮಹಡಿ ಮೇಲೆ ಒಂದು ರೂಮು, ಒಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ, ಇಷ್ಟನ್ನು ಬಾಡಿಗೆಗೆ ಹಿಡಿದು ಮೂರು ವರ್ಷ ಆಯ್ತು. ಊರಲ್ಲಿ ಎಂಟು ಜನಕ್ಕೆ ರೊಟ್ಟಿ ಬಡಿದು ರೂಢಿಯಾದ ಕೈ ಇದು. ಒಬ್ಬರಿಗೆ ಎಷ್ಟು ಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ. ಪಲ್ಯ ಮಾಡಿದರೆ ಎರಡು ದಿನ ಅದೇ ಪಲ್ಯ, ಸಾರು ಮಾಡಿದರೆ ಮೂರು ಹೊತ್ತು ಅದೇ ಸಾರು. ಹಾಗಾಗಿ ಬಹಳ ದಿನ ನನ್ನ ರಾತ್ರಿ ಊಟ ಅಂದರೆ ಅನ್ನ, ಮೊಸರು, ಮೇಲೊಂದು ಚಮಚ ಶೇಂಗಾ ಹಿಂಡಿ. ಅದೂ ಬೇಡ ಅನ್ನಿಸಿದ ದಿನ ಖಾನಾವಳಿ. ಆದರೆ ಜುಲೈ ಬಂತೆಂದರೆ ಬೆಳಗಾವಿಯಲ್ಲಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ನಮ್ಮ ಕಡೆ ಮೋಡ ನೋಡಿ ನೋಡಿ ಕಣ್ಣು ಸೋಲುವ ಹೊತ್ತಿಗೆ ಇಲ್ಲಿ ಛತ್ರಿ ಒಣಗಿಸಲೂ ಜಾಗ ಇರುವುದಿಲ್ಲ. ಕೆಲಸ ಮುಗಿಸಿ ತೊಯ್ದು ಮನೆಗೆ ಬಂದ ಮೇಲೆ ಮತ್ತೆ ಖಾನಾವಳಿಗೆ ಹೋಗಲು ಮನಸ್ಸೇ ಬರುವುದಿಲ್ಲ.

ಅಂಥ ದಿನಗಳಿಗೆ ಇರಲಿ ಅಂತ ಪಾಸ್ತಾ ತಂದೆ. ಕ್ಯಾಂಪ್ ಕಡೆಯ ಒಂದು ಅಂಗಡಿಯಲ್ಲಿ ಶಾವಿಗೆ ಪ್ಯಾಕೆಟ್ ಪಕ್ಕದಲ್ಲೇ ಪೆನ್ನೆ ಇಟ್ಟಿದ್ದರು. ಪೆನ್ನೆ ಅಂದರೆ ಓರೆಯಾಗಿ ಕತ್ತರಿಸಿದ ಸಣ್ಣ ಕೊಳವೆಯಂತಿರುವುದು. 500 ಗ್ರಾಮಿನ ಪ್ಯಾಕೆಟ್. ಹಿಂದೆ ತಿರುಗಿಸಿ ಓದಿದರೆ ಒಳಗಿದ್ದದ್ದು ಒಂದೇ ವಸ್ತು, ಡ್ಯೂರಮ್ ಗೋಧಿಯ ರವೆ. ಹಸಿರು ಚುಕ್ಕೆಯೂ ಇತ್ತು. ಆ ಚುಕ್ಕೆ ನೋಡಿಕೊಳ್ಳಿ, ಯಾಕೆಂದರೆ ಒಣ ಪಾಸ್ತಾಕ್ಕೆ ಸಾಮಾನ್ಯವಾಗಿ ರವೆ, ನೀರು ಬಿಟ್ಟರೆ ಬೇರೇನೂ ಹಾಕುವುದಿಲ್ಲ, ಆದರೆ ಕೆಲವು ಬಗೆಗಳಲ್ಲಿ ಮೊಟ್ಟೆ ಇರುತ್ತದೆ.

ಡ್ಯೂರಮ್ ಅಂದ ತಕ್ಷಣ ಏನೋ ದೂರದ ಹೆಸರು ಅನ್ನಿಸುತ್ತದೆ ಅಲ್ವಾ? ಆದರೆ ನಮ್ಮ ರಾಜ್ಯದಲ್ಲಿ ಮಳೆ ನಂಬಿ ಬೆಳೆಯುತ್ತಿದ್ದ ಬಿಜಗಾ ಯೆಲ್ಲೋ ಅನ್ನುವ ತಳಿಯೂ ಡ್ಯೂರಮ್ ಗೋಧಿಯೇ. ಶಾವಿಗೆಗೆ ಹೆಸರಾದ ಸದಕ ಗೋಧಿ ಇದೆಯಲ್ಲ, ಕೆಲವರು ಖಪ್ಲಿ ಅನ್ನುತ್ತಾರೆ, ಅದು ಡ್ಯೂರಮ್‌ಗೆ ಹತ್ತಿರದ ಸಂಬಂಧಿ. ಎರಡೂ ಗಟ್ಟಿ ಕಾಳು. ಕುದಿಯುವ ನೀರಿಗೆ ಬಿದ್ದರೂ ಬೇಗ ಕರಗಿ ಹೋಗುವುದಿಲ್ಲ. ಆ ಪ್ಯಾಕೆಟ್ ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಅಮ್ಮಳ ಶಾವಿಗೆ ಮಣೆ. ಅವ್ವನ ಅವ್ವನಿಗೆ ನಾವು ಅಮ್ಮ ಅನ್ನುತ್ತಿದ್ದೆವು. ಬೇಸಗೆಯಲ್ಲಿ ಉದ್ದನೆಯ ಆ ಮಣೆಯನ್ನು ಹೊರಸಿಗೆ ಇಳಿಜಾರಾಗಿ ಆನಿಸಿ, ಮೇಲೆ ಕೂತು, ಎಣ್ಣೆ ಸವರಿದ ಕಣಕವನ್ನು ಅಂಗೈಯಲ್ಲಿ ಉಜ್ಜುತ್ತಾ ಎಳೆ ಬಿಡುತ್ತಿದ್ದಳು. ಕೆಳಗೆ ಕೂತ ನಾನು ಆ ಎಳೆಯನ್ನು ಹರಿಯದಂತೆ ಕೋಲಿಗೆ ಹಾಕಿ ಬಿಸಿಲಿಗೆ ಒಯ್ಯಬೇಕು. ಮದುವೆ ಮನೆಯಿದ್ದರೆ ಗವಲಿ, ಪರಡಿ ಬೇರೆ. ಗೋಧಿ ಕಣಕವನ್ನು ಚಿಕ್ಕ ಚಿಕ್ಕ ಆಕಾರ ಮಾಡಿ ಒಣಗಿಸಿಟ್ಟು, ಬೇಕಾದಾಗ ಬೇಯಿಸಿ ತಿನ್ನುವುದು ನಮಗೆ ಹೊಸದೇನಲ್ಲ. ಇಷ್ಟು ಗೊತ್ತಿದ್ದೂ ನಾನು ಮೊದಲ ಎರಡು ಸಲ ಪಾಸ್ತಾವನ್ನು ಕೆಡಿಸಿದೆ, ಅದು ಹೇಗೆ ಅಂತ ಹೇಳುತ್ತೇನೆ.

ಮೊದಲ ಸಲ ಅವಸರ. ಕುಕ್ಕರಿನಲ್ಲಿ ನೀರು, ಪಾಸ್ತಾ, ಟೊಮೆಟೊ, ಉಳ್ಳಾಗಡ್ಡಿ, ಖಾರ ಎಲ್ಲಾ ಒಟ್ಟಿಗೆ ಹಾಕಿ ಎರಡು ಸೀಟಿ ಹೊಡೆಸಿದೆ. ಮುಚ್ಚಳ ತೆಗೆದರೆ ಪೆನ್ನೆಯ ಆಕಾರವೇ ಇಲ್ಲ, ಗಟ್ಟಿ ಜುಣಕದ ಹಾಗೆ ಕೂತಿತ್ತು. ರುಚಿ ಕೆಟ್ಟಿರಲಿಲ್ಲ, ಹಸಿವಿತ್ತು, ತಿಂದೆ. ಕುಕ್ಕರ್‌ನಲ್ಲಿ ಮಾಡುವವರು ಇದ್ದಾರೆ, ನೀರು, ಹೊತ್ತು ಎರಡೂ ಸರಿಯಾಗಿ ಗೊತ್ತಿದ್ದರೆ ಬರುತ್ತದಂತೆ. ನನಗೆ ಬರಲಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಒಂದು ಕಾಳು ತೆಗೆದು ಕಚ್ಚಿ ನೋಡಲೂ ಆಗುವುದಿಲ್ಲ.

ಎರಡನೇ ಸಲ ಸರಿಯಾಗಿ ಮಾಡಬೇಕು ಅಂತ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದೆ, ಅಂಟಬಾರದು ಅಂತ ಅದಕ್ಕೆ ಒಂದು ಚಮಚ ಎಣ್ಣೆಯನ್ನೂ ಹಾಕಿದೆ, ಬೆಂದ ಮೇಲೆ ಎಲ್ಲಾ ನೀರನ್ನು ಸಿಂಕಿಗೆ ಸುರಿದು, ಮೇಲಿಂದ ತಣ್ಣೀರು ಬಿಟ್ಟು ಚೆನ್ನಾಗಿ ತೊಳೆದೆ. ಬೇರೆ ಕಡಾಯಿಯಲ್ಲಿ ಟೊಮೆಟೊ ಗೊಜ್ಜು ಮಾಡಿ ಇದನ್ನು ಹಾಕಿ ಕಲಸಿದೆ. ಕಾಳು ಕಾಳಾಗಿ ಚೆಂದ ಕಾಣುತ್ತಿತ್ತು. ಬಾಯಿಗೆ ಇಟ್ಟರೆ ಪಾಸ್ತಾ ಒಂದು ಕಡೆ, ಗೊಜ್ಜು ಇನ್ನೊಂದು ಕಡೆ. ಗೊಜ್ಜೆಲ್ಲಾ ತಾಟಿನ ತಳಕ್ಕೆ ಇಳಿದು ಮೇಲಿನದು ಬರೀ ಬಿಳಿ. ಉಪ್ಪೂ ಹಿಡಿದಿರಲಿಲ್ಲ. ಗಂಟಲಲ್ಲಿ ಇಳಿಯಲು ನೀರು ಕುಡಿಯುತ್ತಾ ತಿನ್ನಬೇಕಾಯ್ತು.

ರಾತ್ರಿ ಅವ್ವ ಫೋನ್ ಮಾಡಿದಾಗ ಏನು ಊಟ ಮಾಡಿದಿ ಅಂತ ಕೇಳಿದಳು. ಹೇಳಿದೆ. ಪಾಸ್ತಾ ಅಂದರೆ ಏನು ಅಂತ ಕೇಳಿದಳು, ದಪ್ಪ ಶಾವಿಗೆ ಇದ್ದ ಹಾಗೆ, ಕುದಿಸಿ ಬಸಿಯೋದು ಅಂದೆ.

"ಒಣಾ ಒಣಾ ಆಗೇತಿ ಅವ್ವಾ, ಗಂಟಲದಾಗ ಇಳಿಯೂದಿಲ್ಲ."

"ಬಸಿದ ನೀರು ಏನ್ ಮಾಡಿದಿ?"

"ಚೆಲ್ಲಿದೆ."

"ಚೆಲ್ಲಿದಿ? ಹೋಳಿಗಿ ಬ್ಯಾಳಿ ಬೇಸಿ ಕಟ್ಟ ಚೆಲ್ತೀವೇನವಾ ನಾವು? ರುಚಿ ಎಲ್ಲಾ ಅದರಾಗ ಇರತೈತಿ. ಒಂದ್ ಬಟ್ಟಲ ತಗದ್ ಇಟ್ಕೊಂಡ್ ನೋಡು."

ಅವ್ವ ಪಾಸ್ತಾ ಕಣ್ಣಲ್ಲೂ ನೋಡಿದವಳಲ್ಲ. ಆದರೆ ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಇಟಲಿಯವರೂ ಇದನ್ನೇ ಮಾಡುತ್ತಾರೆ. ಪಾಸ್ತಾ ಕುದಿಯುವಾಗ ಅದರ ಮೈಮೇಲಿನ ಗಂಜಿಯ ಅಂಶ ಉಬ್ಬಿ ನೀರಿಗೆ ಬಿಡುತ್ತದೆ, ನೀರು ಮಸುಕಾಗುತ್ತದೆ. ಎಣ್ಣೆ ಮತ್ತು ನೀರು ಸುಮ್ನೆ ಸೇರಿಸಿದರೆ ಬೇರೆ ಬೇರೆ ನಿಲ್ಲುತ್ತವೆ. ಗಂಜಿ ಇರುವ ಈ ನೀರನ್ನು ಬಿಸಿ ಎಣ್ಣೆಗೆ ಹಾಕಿ ಕೈ ಬಿಡದೆ ತಿರುವಿದರೆ ಎರಡೂ ಒಂದಾಗಿ ಮಂದವಾಗುತ್ತವೆ. ಆ ಮಂದ ರಸವೇ ಪಾಸ್ತಾಕ್ಕೆ ಅಂಟಿಕೊಳ್ಳುವುದು. ನಾನು ಅದನ್ನು ಸಿಂಕಿಗೆ ಸುರಿದಿದ್ದೆ, ಉಳಿದದ್ದನ್ನು ತಣ್ಣೀರು ಬಿಟ್ಟು ತೊಳೆದೂ ಹಾಕಿದ್ದೆ. ಅಂದಿನಿಂದ ನಾನು ಅದಕ್ಕೆ ಕಟ್ಟು ಅಂತಲೇ ಕರೆಯುತ್ತೇನೆ.

ಮೂರನೇ ಸಲದ್ದೇ ಈಗ ನನ್ನ ಕಾಯಂ ಅಡುಗೆ. ಮೊನ್ನೆ ಗುರುವಾರ ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಗಣಪತಿ ಗಲ್ಲಿಯಲ್ಲಿ ಬಸ್ಸಿಗೆ ಹೋಗುವ ದಾರಿಯಲ್ಲೇ ಒಂದು ಕಟ್ಟು ಮೆಂತೆ ಪಲ್ಲೆ ತಗೊಂಡಿದ್ದೆ. ಮಳೆಗೆ ಎಲೆಗಳಲ್ಲೆಲ್ಲಾ ಮಣ್ಣು. ಮನೆ ಮುಟ್ಟಿದಾಗ ಎಂಟೂಕಾಲು. ಬಟ್ಟೆ ಬದಲಿಸುವ ಮೊದಲೇ ಒಲೆ ಮೇಲೆ ಒಂದು ಲೀಟರ್ ನೀರಿಟ್ಟೆ. ದೊಡ್ಡ ಪಾತ್ರೆ ತುಂಬ ನೀರು ಬೇಕು ಅನ್ನುತ್ತಾರಲ್ಲ, ಒಬ್ಬರ ಅಡುಗೆಗೆ ಅಷ್ಟು ಬೇಡ. ನೀರು ಕಡಿಮೆ ಇದ್ದಷ್ಟೂ ಕಟ್ಟು ಗಟ್ಟಿಯಾಗುತ್ತದೆ, ಗ್ಯಾಸೂ ಉಳಿಯುತ್ತದೆ. ಕಾಳು ಮುಳುಗಿ ಅಲ್ಲಾಡುವಷ್ಟು ಇದ್ದರೆ ಸಾಕು, ಮೊದಲ ಒಂದೆರಡು ನಿಮಿಷ ಮಾತ್ರ ಬಿಡದೆ ಕೈಯಾಡಿಸಬೇಕು. ಅಂಟುವುದಿದ್ದರೆ ಆಗಲೇ ಅಂಟುವುದು. ಆ ಎರಡು ನಿಮಿಷ ಕೈಯಾಡಿಸಿದರೆ ನೀರಿಗೆ ಎಣ್ಣೆ ಹಾಕುವ ಕೆಲಸವೇ ಇಲ್ಲ. ಹಾಕಿದ ಎಣ್ಣೆ ಹೇಗೂ ಮೇಲೆ ತೇಲುತ್ತದೆ.

ಪಾಸ್ತಾ ಎಷ್ಟು ಅನ್ನುವುದಕ್ಕೆ ನನ್ನ ಅಳತೆ ಕಾಲು ಲೀಟರ್ ಹಿಡಿಯುವ ಸ್ಟೀಲ್ ಲೋಟ. ಒಂದು ಲೋಟ ಪೆನ್ನೆ ಸುಮಾರು 90 ಗ್ರಾಮ್ ಆಗುತ್ತದೆ, ಕೆಳಗಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿಕೊಂಡು ಬಂದೆ. ಒಬ್ಬರಿಗೆ 80ರಿಂದ 100 ಗ್ರಾಮ್ ಅಂತ ಲೆಕ್ಕ. ಹಾಗಾಗಿ ಒಂದು ಪ್ಯಾಕೆಟ್ಟಿನಲ್ಲಿ ಐದು ರಾತ್ರಿಯ ಊಟ. ಈ ಲೋಟ ಸಿಕ್ಕ ದಿನದಿಂದ ನನ್ನ ಮನೆಯಲ್ಲಿ ಊಟ ಉಳಿದಿಲ್ಲ, ಅದು ನನಗೆ ದೊಡ್ಡ ಸಮಾಧಾನ.

ನೀರು ಕಾಯುವಷ್ಟರಲ್ಲಿ ಅರ್ಧ ಕಟ್ಟು ಮೆಂತೆ ಬಿಡಿಸಿ ಮೂರು ನೀರಲ್ಲಿ ತೊಳೆದೆ. ಜವಾರಿ ಬೆಳ್ಳುಳ್ಳಿ ಎಂಟು ಎಸಳು, ಅವು ಸಣ್ಣವು, ಸುಲಿಯಲು ಹೊತ್ತು ಹಿಡಿಯುತ್ತದೆ, ಆದರೆ ಘಮ ಅದರದ್ದೇ. ಜಜ್ಜಬೇಡಿ, ತೆಳ್ಳಗೆ ಹೆಚ್ಚಿ. ಎರಡು ಬ್ಯಾಡಗಿ ಮೆಣಸಿನಕಾಯಿ ಮುರಿದು ಬೀಜ ಉದುರಿಸಿದೆ. ಇದರಲ್ಲಿ ಖಾರಕ್ಕಿಂತ ಬಣ್ಣ ಜಾಸ್ತಿ, ಖಾರ ಬೇಕಿದ್ದವರು ಇನ್ನೊಂದು ಗುಂಟೂರು ಕಾಯಿ ಸೇರಿಸಬಹುದು. ಒಂದು ಲಿಂಬೆ ಹಣ್ಣು ಹೋಳು ಮಾಡಿಟ್ಟೆ. ಲಿಂಬೆ ನಮ್ಮ ಊರಿಂದ ಬಂದದ್ದು. ಇಂಡಿ ಲಿಂಬೆಗೆ ಈಗ ಜಿಐ ಮಾನ್ಯತೆ, ಅಂದರೆ ಇದು ಆ ನೆಲದ್ದೇ ವಿಶೇಷ ಅನ್ನುವ ಸರಕಾರಿ ಗುರುತು ಸಿಕ್ಕಿದೆ, ನಾನು ಇಲ್ಲಿ ಕೈಚೀಲದಲ್ಲಿ ಲಿಂಬೆ ತಂದರೆ ಆಫೀಸಿನಲ್ಲಿ ಎರಡು ದಿನಕ್ಕೆ ಖಾಲಿ.

ನೀರು ಕುದಿ ಬಂದಾಗ ಎರಡು ಸಣ್ಣ ಚಮಚ ಉಪ್ಪು. ಒಂದು ಲೀಟರಿಗೆ ಹತ್ತು ಗ್ರಾಮ್ ಅಂದಾಜು. ಜಾಸ್ತಿ ಅನ್ನಿಸುತ್ತದೆ, ಆದರೆ ಅದರಲ್ಲಿ ಬಹಳಷ್ಟು ನೀರಲ್ಲೇ ಉಳಿಯುತ್ತದೆ. ಪಾಸ್ತಾದ ಒಳಗೆ ಉಪ್ಪು ಹೋಗುವುದು ಈಗಲೇ, ಆಮೇಲೆ ಮೇಲಿಂದ ಎಷ್ಟು ಹಾಕಿದರೂ ಒಳಗೆ ಇಳಿಯುವುದಿಲ್ಲ. ಲೋಟದ ಪೆನ್ನೆ ಸುರಿದು ಗಡಿಯಾರ ನೋಡಿದೆ. ಎಂಟು ಮೂವತ್ತೊಂದು.

ಪ್ಯಾಕೆಟ್ ಮೇಲೆ 9 ನಿಮಿಷ ಅಂತ ಬರೆದಿದೆ. ಬೆಳಗಾವಿಯಲ್ಲಿ ಅದು ಯಾವತ್ತೂ 9 ನಿಮಿಷಕ್ಕೆ ಬೇಯುವುದಿಲ್ಲ. ನನ್ನ ಒಲೆ ಸರಿಯಿಲ್ಲ ಅಂದುಕೊಂಡಿದ್ದೆ, ಆಮೇಲೆ ತಿಳಿಯಿತು. ಈ ಊರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಂತೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ, 97 ಅಥವಾ 98ಕ್ಕೆ ಕುದಿಯುತ್ತದೆ. ಅಷ್ಟು ಬಿಸಿ ಕಡಿಮೆ ಆದದ್ದಕ್ಕೆ ಒಂದೋ ಎರಡೋ ನಿಮಿಷ ಜಾಸ್ತಿ ಬೇಕು. ಪ್ಯಾಕೆಟ್ಟಿನ ಹೊತ್ತನ್ನು ಅಂದಾಜಿಗೆ ಇಟ್ಟುಕೊಂಡು ಕಾಳು ನೋಡಿ ನಿರ್ಧಾರ ಮಾಡಿ.

ಕಾಳು ನೋಡುವುದು ಹೇಗೆ? ಒಂದನ್ನು ತೆಗೆದು ಅಡ್ಡಕ್ಕೆ ಕಚ್ಚಿ, ಕಚ್ಚಿದ ಜಾಗ ದೀಪದ ಬೆಳಕಿಗೆ ಹಿಡಿಯಿರಿ. ಕೊಳವೆಯ ಗೋಡೆಯ ನಡುವೆ ಸುಣ್ಣದ ಗೆರೆಯ ಹಾಗೆ ಒಂದು ತೆಳ್ಳನೆ ಬಿಳಿ ಎಳೆ ಕಾಣುತ್ತದೆ. ಹೊರಗೆ ಎರಡೂ ಕಡೆ ತುಸು ಹಳದಿ, ಒಳಗೆ ಆ ಬಿಳಿ. ಬಿಳಿ ದಪ್ಪ ಇದ್ದರೆ ಇನ್ನೂ ಹಸಿ. ಪೂರ್ತಿ ಮಾಯವಾಗಿದ್ದರೆ ಹೊತ್ತು ಮೀರಿತು. ಕೂದಲೆಳೆಯಷ್ಟು ಉಳಿದಿರುವಾಗ ತೆಗೆಯಬೇಕು, ಉಳಿದದ್ದು ಕಡಾಯಿಯಲ್ಲಿ ಬೇಯುತ್ತದೆ. ಹಲ್ಲಿಗೆ ತುಸು ತಡೆ ಕೊಡುವ ಆ ಹದಕ್ಕೆ ಇಟಲಿಯವರು ಅಲ್ ದೆಂತೆ ಅನ್ನುತ್ತಾರೆ. ಶಾವಿಗೆ ಬಸಿಯುವಾಗ ಅವ್ವ ಒಂದು ಎಳೆ ಬೆರಳಲ್ಲಿ ಹಿಚುಕಿ ನೋಡುತ್ತಿದ್ದದ್ದೂ ಇದಕ್ಕೇ.

ಇತ್ತ ಇನ್ನೊಂದು ಒಲೆಯಲ್ಲಿ ಕಡಾಯಿ. ಎರಡು ದೊಡ್ಡ ಚಮಚ ಶೇಂಗಾ ಎಣ್ಣೆ, ಎಣ್ಣೆ ತಣ್ಣಗಿರುವಾಗಲೇ ಬೆಳ್ಳುಳ್ಳಿ ಹಾಕಿ ಸಣ್ಣ ಉರಿ ಇಟ್ಟೆ. ನಮ್ಮ ಒಗ್ಗರಣೆ ರೂಢಿಗೆ ಇದು ಉಲ್ಟಾ, ನಮಗೆ ಎಣ್ಣೆ ಕಾದು ಸಾಸಿವೆ ಸಿಡಿಯಬೇಕು. ಇಲ್ಲಿ ಎಣ್ಣೆ ಮತ್ತು ಬೆಳ್ಳುಳ್ಳಿ ಒಟ್ಟಿಗೆ ಕಾಯಬೇಕು, ಆಗ ಘಮ ಎಣ್ಣೆಗೆ ಇಳಿಯುತ್ತದೆ. ಅಂಚಿನಲ್ಲಿ ಹೊಂಬಣ್ಣ ಕಂಡ ಕೂಡಲೇ ಮೆಣಸಿನಕಾಯಿ, ಹಿಂದೆಯೇ ಮೆಂತೆ. ಬೆಳ್ಳುಳ್ಳಿ ಕಂದು ಬಣ್ಣಕ್ಕೆ ತಿರುಗಿದರೆ ಕಹಿ, ಅದನ್ನು ಯಾವುದರಿಂದಲೂ ಸರಿ ಮಾಡಲು ಆಗುವುದಿಲ್ಲ. ಮೆಂತೆ ಕಡಾಯಿ ತುಂಬ ಇದ್ದದ್ದು ಒಂದು ನಿಮಿಷದಲ್ಲಿ ಹಿಡಿಯಷ್ಟಾಗುತ್ತದೆ. ಇಟಲಿಯವರ ಅಸಲಿ ಅಡುಗೆಯಲ್ಲಿ ಮೆಂತೆ ಇಲ್ಲ. ನೇಪಲ್ಸ್ ಕಡೆ ಸ್ಪಾಗೆಟಿಗೆ, ಅಂದರೆ ಉದ್ದ ಎಳೆಯ ಪಾಸ್ತಾಕ್ಕೆ, ಬರೀ ಬೆಳ್ಳುಳ್ಳಿ ಎಣ್ಣೆ ಹಾಕಿ ಮಾಡುತ್ತಾರೆ, ಅದರ ಹೆಸರೇ ಆಲಿಯೋ ಎ ಓಲಿಯೋ, ಬೆಳ್ಳುಳ್ಳಿ ಮತ್ತು ಎಣ್ಣೆ ಅಂತ ಅರ್ಥ, ಅದೂ ಆಲಿವ್ ಎಣ್ಣೆ. ಆದರೆ ದಕ್ಷಿಣದ ಪುಲಿಯಾ ಭಾಗದಲ್ಲಿ ಕಹಿ ಸೊಪ್ಪಿನ ಜೊತೆ ಪಾಸ್ತಾ ಮಾಡುವ ರೂಢಿ ಇದೆ. ನಮ್ಮ ಕಹಿ ಸೊಪ್ಪು ಮೆಂತೆ, ನಮ್ಮ ಎಣ್ಣೆ ಶೇಂಗಾ. ಶೇಂಗಾ ಎಣ್ಣೆ ಇದಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ ಅಂತ ನನ್ನ ಖಚಿತ ಅಭಿಪ್ರಾಯ.

ಹತ್ತನೇ ನಿಮಿಷಕ್ಕೆ ಕಾಳು ಹದಕ್ಕೆ ಬಂತು. ಈಗ ನಾನು ಬಸಿಯುವುದೇ ಇಲ್ಲ. ಭಜಿ ತೆಗೆಯುವ ಝಾರಿಯಿಂದ ಪಾಸ್ತಾವನ್ನು ಕುದಿಯುವ ನೀರಿನಿಂದ ಎತ್ತಿ ನೇರ ಕಡಾಯಿಗೆ ಹಾಕುತ್ತೇನೆ. ನೀರು ಪಾತ್ರೆಯಲ್ಲೇ ಉಳಿಯುತ್ತದೆ, ಬಿಸಿ ಪಾತ್ರೆ ಹಿಡಿದು ಸಿಂಕಿಗೆ ಓಡುವುದೂ ತಪ್ಪಿತು. ಒಂದು ಸೌಟು ಕಟ್ಟು ಹಾಕಿ ಉರಿ ಜಾಸ್ತಿ ಮಾಡಿದೆ. ಚರ್ ಅಂತ ಸದ್ದು, ಆವಿ, ಮೊದಲು ಎಣ್ಣೆ ಬೇರೆ ನೀರು ಬೇರೆ ಕಾಣುತ್ತದೆ. ಆಗ ಗಾಬರಿ ಬೇಡ. ಕಡಾಯಿ ಹಿಡಿಕೆ ಹಿಡಿದು ಅಲ್ಲಾಡಿಸುತ್ತಾ, ಸೌಟಿನಿಂದ ತಿರುವುತ್ತಾ ಇರಬೇಕು. ಮುಕ್ಕಾಲು ನಿಮಿಷ ಹೀಗೆ. ಆಮೇಲೆ ನೋಡನೋಡುತ್ತಲೇ ಎಣ್ಣೆಯ ಹನಿಗಳು ಕಾಣದಾಗುತ್ತವೆ, ನೀರಿಗೆ ಹಾಲಿನ ಮಸುಕು ಬರುತ್ತದೆ, ಗುಳ್ಳೆಗಳು ಸಣ್ಣವಾಗುವ ಬದಲು ದೊಡ್ಡವಾಗಿ ನಿಧಾನ ಒಡೆಯುತ್ತವೆ. ಸೌಟನ್ನು ತಳಕ್ಕೆ ತಾಗಿಸಿ ಎಳೆದರೆ ಹಿಂದೆ ದಾರಿ ಬಿದ್ದು, ಒಂದು ಕ್ಷಣ ನಿಂತು, ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಕ್ಷಣಕ್ಕೆ ಒಲೆ ಆರಿಸಿ. ತಾಟಿಗೆ ಬರುವಷ್ಟರಲ್ಲಿ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಇನ್ನೂ ಸ್ವಲ್ಪ ತೆಳ್ಳಗಿದೆ ಅನ್ನಿಸಿದಾಗಲೇ ಇಳಿಸಬೇಕು. ಒಣಗಿತು ಅನ್ನಿಸಿದರೆ ಇನ್ನರ್ಧ ಸೌಟು ಕಟ್ಟು. ಉಪ್ಪು ಮತ್ತೆ ಹಾಕುವ ಮೊದಲು ರುಚಿ ನೋಡಿ, ಕಟ್ಟಿನಲ್ಲೇ ಇದೆ. ಲಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ, ಅರ್ಧ ಹೋಳು ಸಾಕು.

ಇನ್ನು ಚೀಸ್ ವಿಷಯ. ನಾನು ಹಾಕುವುದಿಲ್ಲ. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಚೀಸ್ ಮಾಡಲು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಹಾಲು ಒಡೆಯಲು. ಸಸ್ಯಾಹಾರಿಗಳಿಗೆ ಇದು ಗೊತ್ತಿರಬೇಕು, ಎಷ್ಟೋ ಜನ ಹಾಲಿನದ್ದು ಅಂತ ತಿನ್ನುತ್ತಾರೆ. ನಮ್ಮಲ್ಲಿ ಹಸಿರು ಚುಕ್ಕೆ ಇರುವ ಚೀಸ್ ಸಿಗುತ್ತದೆ, ಬೇಕಾದವರು ಅದನ್ನು ಹಾಕಿಕೊಳ್ಳಬಹುದು. ದಕ್ಷಿಣ ಇಟಲಿಯಲ್ಲಿ ಚೀಸ್ ಕೊಳ್ಳಲಾಗದ ಮನೆಗಳಲ್ಲಿ ಒಣ ಬ್ರೆಡ್ಡನ್ನು ಪುಡಿ ಮಾಡಿ ಎಣ್ಣೆಯಲ್ಲಿ ಹುರಿದು ಪಾಸ್ತಾದ ಮೇಲೆ ಉದುರಿಸುತ್ತಿದ್ದರು, ಈಗಲೂ ಉದುರಿಸುತ್ತಾರೆ. ಅದನ್ನು ಓದಿದ ದಿನ ನಾನು ಎದ್ದು ಹೋಗಿ ಊರಿಂದ ತಂದಿದ್ದ ಕಟಕ ರೊಟ್ಟಿಯ ಡಬ್ಬಿ ತೆಗೆದೆ. ಅರ್ಧ ಜೋಳದ ರೊಟ್ಟಿ ಕೈಯಲ್ಲೇ ಪುಡಿ ಮಾಡಿ, ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಒಂದು ನಿಮಿಷ ಹುರಿದು, ಚಿಟಿಕೆ ಶೇಂಗಾ ಹಿಂಡಿ ಬೆರೆಸಿದರೆ ಮುಗಿಯಿತು. ಮೆತ್ತನೆ ಪಾಸ್ತಾದ ನಡುವೆ ಕರುಂ ಕರುಂ ಅಂತ ಸಿಗುವ ಆ ಜೋಳದ ರುಚಿಗೆ ನಾನು ಯಾವ ಚೀಸನ್ನೂ ಬದಲಿ ಕೇಳುವುದಿಲ್ಲ. ತಿನ್ನುವ ಹೊತ್ತಿಗೇ ಉದುರಿಸಿ, ಮೊದಲೇ ಹಾಕಿದರೆ ನೆನೆದು ಮೆತ್ತಗಾಗುತ್ತದೆ.

ಎಂಟು ನಲವತ್ತೈದಕ್ಕೆ ತಾಟು ಹಿಡಿದು ಕಿಟಕಿ ಹತ್ತಿರ ಕೂತೆ. ಹೊರಗೆ ಮಳೆ, ದೂರದಲ್ಲಿ ರೈಲ್ವೆ ಗೇಟ್ ಹಾಕಿದ್ದರು ಅಂತ ಕಾಣುತ್ತದೆ, ಗಾಡಿಗಳ ಹಾರ್ನ್ ಒಂದೇ ಸಮ. ಬೆಳ್ಳುಳ್ಳಿ ಸಿಹಿಯಾಗಿತ್ತು, ಮೆಂತೆಯ ಕಹಿ ಕೊನೆಗೆ ಬರುತ್ತಿತ್ತು, ಅದರ ಹಿಂದೆ ಲಿಂಬೆ. ಪ್ರತಿ ಕೊಳವೆಯ ಒಳಗೂ ಹೊರಗೂ ಕಟ್ಟು ಹತ್ತಿಕೊಂಡು ಹೊಳೆಯುತ್ತಿತ್ತು. ತಾಟಿನ ತಳದಲ್ಲಿ ಏನೂ ಉಳಿಯಲಿಲ್ಲ. ನನಗೊಬ್ಬಳಿಗೇ ಅಂತ ಮಾಡಿಕೊಂಡ ಬಿಸಿ ಊಟ ಇಷ್ಟು ಚೆನ್ನಾಗಿ ಆದದ್ದು ಈ ಊರಲ್ಲಿ ಇದೇ ಮೊದಲು ಅನ್ನಿಸಿದ್ದು ಆ ಮೂರನೇ ಸಲ, ಈಗಲೂ ಪ್ರತಿ ಸಲ ಹಾಗೇ ಅನ್ನಿಸುತ್ತದೆ. ತೊಳೆಯಲು ಒಂದು ಪಾತ್ರೆ, ಒಂದು ಕಡಾಯಿ, ಒಂದು ತಾಟು. ಪಾತ್ರೆಗೆ ಕೂಡಲೇ ನೀರು ಹಾಕಿ, ಗಂಜಿ ಒಣಗಿದರೆ ಉಜ್ಜುವುದು ಕಷ್ಟ.

ಒಂಬತ್ತಕ್ಕೆ ಅವ್ವನ ಫೋನು. ಊಟ ಆಯ್ತೇನು ಅಂತ ಕೇಳಿ, ಮೆಂತೆ ಹಾಕಿದೆ ಅಂದದ್ದಕ್ಕೆ ಚಲೋ ಮಾಡಿದಿ ಅಂದಳು. ಆಮೇಲೆ ಕೇಳಿದಳು, "ಕಟ್ಟ ಉಳೀತೇನ?"

ಉಳಿದಿತ್ತು, ಎರಡು ಲೋಟದಷ್ಟು. ಅದನ್ನು ಆರಿಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಅದರಲ್ಲೇ ಚಪಾತಿ ಹಿಟ್ಟು ಕಲಸಿದೆ, ಬೇರೆ ಉಪ್ಪು ಹಾಕಲಿಲ್ಲ. ಮಧ್ಯಾಹ್ನದ ಡಬ್ಬಿಗೆ ನಾಲ್ಕು ಚಪಾತಿ ಆದವು.